ಕಾರಿಗೆ ಹೊಸ ಸ್ಪೀಕರ್

ಇವತ್ತು ಕಾರಿಗೆ ಕಾಂಪೊನೆಂಟ್ ಸ್ಪೀಕರ್ ಕೂರಿಸಿದ್ದಾಯ್ತು. ಬಾಸ್ ನುಡಿಸುವ ಆರೂವರೆ ಇಂಚಿನ ವೂಫರ್ ಬಾಗಿಲಲ್ಲಿ, ಕೀಚು ಸ್ವರ ನುಡಿಸುವ ಪುಟ್ಟ ಟ್ವೀಟರ್ ಮುಂದಿನ ಗಾಜಿನ ಪಕ್ಕದ ಪಿಲ್ಲರ್‌ನಲ್ಲಿ, ನಡುವೆ ಎರಡಕ್ಕೂ ಸ್ವರ ಹಂಚುವ ಕ್ರಾಸ್‌ಓವರ್ ಡಬ್ಬಿ. ಮುಚ್ಚಳ ತೆಗೆದು ನೋಡಿದೆ: ತಾಮ್ರದ ಕಾಯಿಲ್, ಒಂದೆರಡು ಕೆಪಾಸಿಟರ್, ರೆಸಿಸ್ಟರ್. ಅಷ್ಟೇ! ಕಾಯಿಲ್, ಮೇಲಿನ ಸ್ಥಾಯಿಯ ಸ್ವರಗಳನ್ನು ವೂಫರ್‌ಗೆ ಬಿಡಲ್ಲ. ಕೆಪಾಸಿಟರ್, ಕೆಳಗಿನ ಸ್ಥಾಯಿಯ ಸ್ವರಗಳನ್ನು ಟ್ವೀಟರ್‌ಗೆ ಬಿಡಲ್ಲ. ಬಿಟ್ಟರೆ ಟ್ವೀಟರ್ ಸುಟ್ಟೇ ಹೋಗಬಹುದು. ಸಾಮಾನ್ಯವಾಗಿ 3,000 ಹರ್ಟ್ಜ್ ಆಸುಪಾಸಿನಲ್ಲಿ ಈ ಪಾಲು.

ಎಲ್ಲರೂ ಸ್ಪೀಕರ್ ಬೆಲೆ ಕೇಳ್ತಾರೆ, ಬಾಗಿಲ ತಗಡಿಗೆ ಅದುರುವುದನ್ನು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿದ್ರಾ ಅಂತ ಯಾರೂ ಕೇಳಲ್ಲ. ಬಾಗಿಲೊಳಗಿನ ತೂತು ಮುಚ್ಚದಿದ್ದರೆ ವೂಫರ್ ಹಿಂದಿನ ಅಲೆ ಮುಂದಿನದನ್ನು ನುಂಗಿಬಿಡುತ್ತೆ, ಬಾಸ್ ಸೊರಗುತ್ತೆ. ಒಂದು ಕಡೆ ಪ್ಲಸ್ ಮೈನಸ್ ಅದಲುಬದಲಾದರೂ ಅದೇ ಕಥೆ.

ಈಗ ಮೃದಂಗದ ಎಡಗೈ ಗುಮ್ಕಿ ತೊಡೆಗೆ ತಾಗುತ್ತೆ, ಪಿಟೀಲಿನ ಕಮಾನು ತಂತಿಗೆ ಉಜ್ಜುವ ಸದ್ದೂ ಕೇಳುತ್ತೆ. ಮನೆಯಲ್ಲಿ ಸುಮ್ಮನೆ ಕೂತು ಹಾಡು ಕೇಳೋಕೆ ನಮಗೀಗ ಪುರುಸೊತ್ತೆಲ್ಲಿ? ಬೆಂಗಳೂರಿನ ಸಿಗ್ನಲ್‌ಗಳಲ್ಲೇ ನಾವು ಪೂರ್ತಿ ಆಲಾಪನೆ ಕೇಳೋದು. ಹಾಗಾಗಿ ಈ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ.

ಟ್ವೀಟರ್ ಮಾತ್ರ ಇನ್ನೂ ಸ್ವಲ್ಪ ಚುಚ್ಚುತ್ತಿದೆ. ಕ್ರಾಸ್‌ಓವರ್‌ನಲ್ಲಿ ಅದರ ಸದ್ದನ್ನು 3 ಡಿಬಿ (ಡೆಸಿಬೆಲ್) ತಗ್ಗಿಸೋಕೆ ಜಂಪರ್ ಅನ್ನೋ ಪುಟ್ಟ ಕೊಂಡಿ ಇದೆ, ನಾಳೆ ಹಾಕಿ ನೋಡ್ತೀನಿ.