ಟ್ಯೂಬಾ ಕೊಳ್ಳಲು ಮಾರ್ಕ್‌ನೊಯ್‌ಕಿರ್ಶೆನ್‌ಗೆ ಹೋಗುವವರಿಗೆ

ಒಳ್ಳೆಯ ಟ್ಯೂಬಾ (ಮಂದ್ರ ಸ್ವರದ ದೊಡ್ಡ ಹಿತ್ತಾಳೆ ಊದುವಾದ್ಯ) ಬೇಕು ಅಂತ ನಿರ್ಧಾರ ಮಾಡಿದವರು ಅದನ್ನು ಮಾಡುವ ಜಾಗಕ್ಕೇ ಹೋಗಬೇಕು. ಅಂಗಡಿಯಲ್ಲಿ ಆದರೆ ಇರುವುದರಲ್ಲಿ ಒಂದನ್ನು ಆರಿಸಿಕೊಂಡು ಬರುತ್ತೀರಿ. ಸಣ್ಣ ವರ್ಕ್‌ಶಾಪ್‌ನಲ್ಲಿ ಹಾಗಲ್ಲ. ನೀವು ಊದುವಾಗ ವಾದ್ಯ ಮಾಡಿದವರೇ ಎದುರು ನಿಂತು ಕೇಳುತ್ತಾರೆ. ಶ್ರುತಿ ಎಲ್ಲಿ ಜಾರುತ್ತಿದೆ, ಬೆರಳು ಕೀಲಿಗಳಿಗೆ ಸರಿಯಾಗಿ ಎಟುಕುತ್ತಿದೆಯಾ, ಎಲ್ಲ ನೋಡಿ ವಾದ್ಯವನ್ನೇ ನಿಮಗೆ ತಕ್ಕಂತೆ ತಿದ್ದಿಕೊಡುತ್ತಾರೆ. ಪ್ರಯಾಣದ ಖರ್ಚು, ರಜೆ, ಓಡಾಟ ಎಲ್ಲವೂ ಈ ಒಂದು ಕಾರಣಕ್ಕೆ.

ನಾನು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕೆಲಸ ಮಾಡುತ್ತೇನೆ. ಪಕ್ಕದ ಹಳ್ಳಿಯ ಬ್ಯಾಂಡ್‌ನಲ್ಲಿ ಟ್ಯೂಬಾ ಊದುತ್ತೇನೆ. ಬ್ಯಾಂಡ್‌ನವರು ಕೊಟ್ಟಿದ್ದ ಹಳೇ ವಾದ್ಯ ಬಿಟ್ಟು ಸ್ವಂತದ್ದು ಕೊಳ್ಳಬೇಕು ಅನ್ನಿಸಿದಾಗ ಹೋಗಿದ್ದು ಮಾರ್ಕ್‌ನೊಯ್‌ಕಿರ್ಶೆನ್‌ಗೆ. ಇದು ಸ್ಯಾಕ್ಸನಿ ರಾಜ್ಯದ ತೆಂಕಣ ತುದಿಯ ಪುಟ್ಟ ಊರು. ಚೆಕ್ ಗಡಿ ಕೂಗಳತೆಯಲ್ಲಿದೆ. 1677ರಲ್ಲಿ ಬೊಹೀಮಿಯಾದಿಂದ (ಈಗಿನ ಚೆಕ್ ದೇಶದ ಭಾಗ) ವಲಸೆ ಬಂದವರು ಇಲ್ಲಿ ಪಿಟೀಲು ಮಾಡುವವರ ಸಂಘ ಕಟ್ಟಿದರು. ಆಮೇಲೆ ಹಿತ್ತಾಳೆ ವಾದ್ಯಗಳೂ ಬಂದವು. 1893ರಲ್ಲಿ ಅಮೆರಿಕ ಈ ಊರಿನಲ್ಲಿ ತನ್ನದೊಂದು ಕಾನ್ಸುಲೇಟನ್ನೇ ತೆರೆಯಿತು. ಅಷ್ಟು ವಾದ್ಯಗಳು ಇಲ್ಲಿಂದ ಹಡಗು ಹತ್ತುತ್ತಿದ್ದವು. ಈಗಲೂ ಸುತ್ತಮುತ್ತಲ ಬೀದಿಗಳಲ್ಲಿ ನಾಲ್ಕಾರು ಜನ ಸೇರಿ ನಡೆಸುವ ವರ್ಕ್‌ಶಾಪ್‌ಗಳಿವೆ.

ನ್ಯೂರೆಂಬರ್ಗ್ ಕಡೆಯಿಂದ ರೈಲಿನಲ್ಲಿ ಹೋಗುವವರು ಹೋಫ್, ಪ್ಲೌವೆನ್ ದಾಟಿ ಅಡಾರ್ಫ್‌ನಲ್ಲಿ ಇಳಿಯಬೇಕು. ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ಎಲ್ಲವೂ ಪ್ರಾದೇಶಿಕ ರೈಲುಗಳೇ ಆದ್ದರಿಂದ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಪ್ರಾದೇಶಿಕ ರೈಲುಗಳಿಗೆಲ್ಲ ಆಗುವ ತಿಂಗಳ ಪಾಸು) ನಡೆಯುತ್ತದೆ. ಕಾರಿನಲ್ಲಾದರೆ ಎ9 ಹೆದ್ದಾರಿ, ಆಮೇಲೆ ಎ72, ಪ್ಲೌವೆನ್ ಹತ್ತಿರ ಇಳಿದು ಬಿ92. ನೋಡಿ ಬರಲು ಮಾತ್ರ ಹೋಗುವುದಾದರೆ ರೈಲೇ ಚೆಂದ. ವಾದ್ಯ ತರುವ ದಿನ ಕಾರು ಬೇಕೇ ಬೇಕು.

ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಇವು ಶೋರೂಮ್‌ಗಳಲ್ಲ. ಬೆಸುಗೆ ಹಾಕುತ್ತಿರುವವರು ಕೆಲಸ ನಿಲ್ಲಿಸಿ ನಿಮ್ಮ ಜೊತೆ ಅರ್ಧ ದಿನ ಕಳೆಯಬೇಕಾಗುತ್ತದೆ. ವಾರಗಳ ಮುಂಚೆಯೇ ಜರ್ಮನ್‌ನಲ್ಲಿ ಒಂದು ಮೇಲ್ ಹಾಕಿ, ಯಾವ ಟ್ಯೂಬಾ ನೋಡಬೇಕು ಅಂತ ತಿಳಿಸಿ ದಿನ ಗೊತ್ತುಮಾಡಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ಬೇಡ, ಬೇಗ ಮುಚ್ಚುತ್ತಾರೆ. ಬೇಸಿಗೆಯಲ್ಲಿ ವರ್ಕ್‌ಶಾಪ್‌ಗೇ ರಜೆ ಇರುವುದುಂಟು, ಕೇಳಿಕೊಳ್ಳಿ.

ಹೋಗುವ ಮೊದಲೇ ಮನೆಯಲ್ಲಿ ಕೂತು ಯೋಚಿಸಬೇಕಾದದ್ದು ಯಾವ ಶ್ರುತಿಯ ಟ್ಯೂಬಾ ಅನ್ನುವುದು. ಜರ್ಮನಿಯ ಹಳ್ಳಿ ಬ್ಯಾಂಡ್‌ಗಳಲ್ಲಿ ಬಿ ಫ್ಲ್ಯಾಟ್ ಟ್ಯೂಬಾ ನಡೆಯುತ್ತದೆ. ಇಲ್ಲಿನವರು ಇದನ್ನು ಬರೀ ಬಿ ಅನ್ನುತ್ತಾರೆ. ಆರ್ಡರ್ ಬರೆಯುವಾಗ ಗೊಂದಲ ಬೇಡ. ಅದರ ಕೊಳವೆ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು ಐದೂವರೆ ಮೀಟರ್. ಆರ್ಕೆಸ್ಟ್ರಾದವರು ಇದರ ಜೊತೆ ಚಿಕ್ಕದಾದ ಎಫ್ ಟ್ಯೂಬಾ ಕೂಡ ಇಟ್ಟುಕೊಳ್ಳುತ್ತಾರೆ. 1835ರಲ್ಲಿ ಬರ್ಲಿನ್‌ನಲ್ಲಿ ಮಿಲಿಟರಿ ಬ್ಯಾಂಡ್ ಮುಖ್ಯಸ್ಥ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಮೊರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಕೂಡ ಎಫ್ ಶ್ರುತಿಯದ್ದೇ. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಸಿ, ಇಂಗ್ಲೆಂಡ್‌ನಲ್ಲಿ ಇ ಫ್ಲ್ಯಾಟ್ ಜಾಸ್ತಿ. ನೀವು ಯಾರ ಜೊತೆ ಊದುತ್ತೀರಿ ಅನ್ನುವುದರ ಮೇಲೆ ಇದು ತೀರ್ಮಾನವಾಗಲಿ.

ಆಮೇಲೆ ಗಾತ್ರ. 3/4, 4/4, 5/4, 6/4 ಅಂತ ಬರೆದಿರುತ್ತಾರೆ. ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ 4/4 ಇನ್ನೊಬ್ಬರ 5/4ರಷ್ಟಿರಬಹುದು. ದೊಡ್ಡ ಟ್ಯೂಬಾ ಮೊದಲ ಐದು ನಿಮಿಷ ಎಲ್ಲರಿಗೂ ಇಷ್ಟವಾಗುತ್ತದೆ. ಮೆರವಣಿಗೆಯಲ್ಲಿ ಹತ್ತು ಕಿಲೋ ಹೊತ್ತು ನಡೆಯುವಾಗ, ಎರಡು ಗಂಟೆಯ ಕಾರ್ಯಕ್ರಮದ ಕೊನೆಗೆ ಉಸಿರು ಸಾಲದಾದಾಗ ಅಸಲಿ ಲೆಕ್ಕ ಗೊತ್ತಾಗುತ್ತದೆ. ಬ್ಯಾಂಡ್‌ನಲ್ಲಿ ಊದುವವರಿಗೆ ನಾಲ್ಕು ರೋಟರಿ ವಾಲ್ವ್ (ಕೀಲಿ ಒತ್ತಿದಾಗ ತಿರುಗಿ ಗಾಳಿಯ ದಾರಿ ಬದಲಿಸುವ ಭಾಗ) ಇರುವ 4/4 ಧಾರಾಳವಾಗಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಮೌತ್‌ಪೀಸ್ ತಪ್ಪದೆ ತೆಗೆದುಕೊಂಡು ಹೋಗಿ. ಯುರೋಪಿನ ಮೌತ್‌ಪೀಸ್ ಬಾಲ, ಅಂದರೆ ವಾದ್ಯದೊಳಗೆ ಸಿಕ್ಕಿಸುವ ತುದಿ, ಅಮೆರಿಕದ್ದಕ್ಕಿಂತ ಸ್ವಲ್ಪ ದಪ್ಪ. ಬೇರೆ ಅಳತೆಯದ್ದು ಸಿಕ್ಕಿಸಿದರೆ ಒಳ್ಳೆಯ ವಾದ್ಯವೂ ಶ್ರುತಿ ತಪ್ಪಿದಂತೆ ಕೇಳುತ್ತದೆ. ಜೊತೆಗೆ ಕಿವಿ ಇರುವ ಒಬ್ಬರನ್ನು ಕರೆದುಕೊಂಡು ಹೋಗಿ. ನಮ್ಮ ಬ್ಯಾಂಡ್‌ನ ಹಿರಿಯ ಟ್ಯೂಬಾ ವಾದಕರೊಬ್ಬರು ನನ್ನ ಜೊತೆ ಬಂದಿದ್ದರು. ಟ್ಯೂಬಾದ ನಾದ ಊದುವವರ ತಲೆಯ ಮೇಲಿಂದ ಹೋಗಿಬಿಡುತ್ತದೆ. ಎದುರಿಗೆ ಕೂತವರಿಗೆ ಏನು ಕೇಳಿಸುತ್ತಿದೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ವರ್ಕ್‌ಶಾಪ್‌ನ ಕೋಣೆ ಚಿಕ್ಕದು, ಚಾವಣಿ ತಗ್ಗು. ಅಲ್ಲಿ ಯಾವ ಟ್ಯೂಬಾ ಆದರೂ ಗುಡುಗುತ್ತದೆ. ಹತ್ತಿರದಲ್ಲಿ ದೊಡ್ಡ ಜಾಗ ಸಿಗುತ್ತದಾ ಅಂತ ಕೇಳಿ. ನಮಗೆ ಅಂಗಳದ ಆಚೆಯ ಶೆಡ್ಡು ಬಿಟ್ಟುಕೊಟ್ಟರು. ಅಲ್ಲಿ ಊದಿದಾಗ ಎರಡು ವಾದ್ಯಗಳ ನಡುವಿನ ವ್ಯತ್ಯಾಸ ನಿಚ್ಚಳವಾಯಿತು.

ಊದುವಾಗ ಟ್ಯೂನರ್ (ಶ್ರುತಿ ಅಳೆಯುವ ಸಾಧನ) ಮೊದಲೇ ಹಚ್ಚಬೇಡಿ. ಮೊದಲು ನಿಧಾನವಾಗಿ ಒಂದು ಸ್ಕೇಲ್, ಮೆಲ್ಲಗೆ. ಮೆಲ್ಲಗೆ ಊದಿದಾಗ ಮಂದ್ರ ಸ್ವರ ತಡವರಿಸದೆ ಬಂದರೆ ಅದು ಒಳ್ಳೆಯ ಲಕ್ಷಣ. ಜೋರಾಗಿ ಊದಿದರೆ ಎಲ್ಲವೂ ಬರುತ್ತದೆ. ಆಮೇಲೆ ಟ್ಯೂನರ್ ಹಚ್ಚಿ. ಬಿ ಫ್ಲ್ಯಾಟ್ ಟ್ಯೂಬಾದಲ್ಲಿ ವಾಲ್ವ್ ಒತ್ತದೆ ಬರುವ ಡಿ ಸ್ವರ ಸಾಮಾನ್ಯವಾಗಿ ಇಳಿದಿರುತ್ತದೆ. ಎಷ್ಟು ಇಳಿದಿದೆ, ತುಟಿಯಲ್ಲಿ ಎತ್ತಬಹುದಾ ನೋಡಿ. ಕೆಳಗಿನ ಎಫ್ ಅನ್ನು ಒಂದು ಮತ್ತು ಮೂರನೇ ವಾಲ್ವ್ ಒತ್ತಿ ಊದಿ, ಆಮೇಲೆ ನಾಲ್ಕನೆಯದು ಮಾತ್ರ ಒತ್ತಿ ಊದಿ. ಮೊದಲನೆಯದು ಏರಿರುತ್ತದೆ, ಎರಡನೆಯದು ಸರಿಯಾಗಿ ಕೂರಬೇಕು. ಜರ್ಮನಿಯ ಎಷ್ಟೋ ತಂಡಗಳು ಎ ಸ್ವರವನ್ನು 440 ಹರ್ಟ್ಸ್‌ಗೆ ಅಲ್ಲ, 442 ಅಥವಾ 443ಕ್ಕೆ ಶ್ರುತಿ ಮಾಡುತ್ತವೆ. ನಿಮ್ಮ ತಂಡದ್ದು ಎಷ್ಟು ಅಂತ ತಿಳಿದುಕೊಂಡು ಹೋಗಿ.

ಗಾಳಿ ಸೋರುತ್ತದಾ ಅಂತ ನೋಡುವ ವಿಧಾನವನ್ನು ಅಲ್ಲಿನವರೇ ತೋರಿಸಿಕೊಟ್ಟರು. ವಾಲ್ವ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಜಾರುವ ಕೊಳವೆಯನ್ನು, ಸ್ವಲ್ಪ ಹೊರಗೆ ಎಳೆಯಬೇಕು. ನಾಲ್ಕೈದು ಸೆಕೆಂಡ್ ಹಿಡಿದುಕೊಳ್ಳಬೇಕು. ಆಮೇಲೆ ವಾಲ್ವ್ ಒತ್ತಬೇಕು. 'ಟಪ್' ಅಂತ ಸದ್ದು ಬಂದರೆ ಒಳಗೆ ಗಾಳಿ ನುಗ್ಗಿಲ್ಲ, ರೋಟರ್ ಬಿಗಿಯಾಗಿದೆ ಅಂತ. ವಾಲ್ವ್‌ನ ಹಿಂದಿನ ಮುಚ್ಚಳ ತಿರುಗಿಸಿ ತೆಗೆದರೆ ಸಣ್ಣ ಗೀರುಗಳು ಕಾಣುತ್ತವೆ. ಕೀಲಿ ಒತ್ತಿದಾಗಲೂ ಬಿಟ್ಟಾಗಲೂ ಅವು ಒಂದಕ್ಕೊಂದು ನೇರ ಬಂದು ನಿಲ್ಲಬೇಕು.

ಬೆಲ್ (ವಾದ್ಯದ ಅಗಲ ಬಾಯಿ) ಮಾಡುವುದನ್ನು ತೋರಿಸುತ್ತೀರಾ ಅಂತ ಕೇಳಿ. ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಹಿತ್ತಾಳೆ ತಗಡನ್ನು ಕತ್ತರಿಸಿ ಮಡಚುತ್ತಾರೆ. ಅಂಚುಗಳನ್ನು ಒಂದರ ಹಲ್ಲೊಳಗೆ ಇನ್ನೊಂದರ ಹಲ್ಲು ಕೂರುವಂತೆ ಸೇರಿಸಿ ಬೆಸುಗೆ ಹಾಕುತ್ತಾರೆ. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಅದಕ್ಕೇ ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಕಂಚುಗಾರರು ಹಂಡೆ ತಟ್ಟುವ ಕೆಲಸವೇ, ಆಕಾರ ಮಾತ್ರ ಬೇರೆ. ಲ್ಯಾಕರ್ (ಹೊಳಪಿನ ಲೇಪ) ಹಚ್ಚದ ಬೆಲ್ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಾಗ ಆ ಬೆಸುಗೆಯ ಗೆರೆ ಉದ್ದಕ್ಕೂ ಕಾಣಿಸಿತು. ಬೆರಳಾಡಿಸಿದರೆ ಮಾತ್ರ ಏನೂ ತಗುಲಲಿಲ್ಲ.

ತಾಮ್ರ ಜಾಸ್ತಿ ಇರುವ ಕೆಂಪು ಛಾಯೆಯ ಹಿತ್ತಾಳೆ ಬೇಕಾ, ಹಳದಿ ಸಾಕಾ ಅಂತ ಕೇಳುತ್ತಾರೆ. ಮೊದಲನೆಯದರ ನಾದ ಸ್ವಲ್ಪ ಮೃದು ಅನ್ನಿಸಿ ನಾನು ಅದನ್ನೇ ಆರಿಸಿದೆ. ಆದರೆ ಲೋಹದ ಬಣ್ಣಕ್ಕಿಂತ ಮೌತ್‌ಪೀಸ್ ಕೂರುವ ಮೊದಲ ಕೊಳವೆ ಮುಖ್ಯ. ನನ್ನ ವಾದ್ಯಕ್ಕೆ ಅದನ್ನು ಬದಲಿಸಿ ಕೊಟ್ಟರು, ಮೇಲಿನ ಸ್ವರಗಳು ತಕ್ಷಣ ಹಗುರಾದವು.

ಬೆಲೆ 10 ಸಾವಿರ ಯೂರೋ ಆರಾಮಾಗಿ ದಾಟುತ್ತದೆ. ಚೌಕಾಸಿ ಮಾಡುವ ಪದ್ಧತಿ ಇಲ್ಲ. ಮುಂಗಡ ಕೊಟ್ಟ ಮೇಲೆ ಶ್ರುತಿ, ವಾಲ್ವ್, ಲೋಹ, ಲ್ಯಾಕರ್, ಕೊಡುವ ತಿಂಗಳು ಎಲ್ಲವನ್ನೂ ಬರೆಸಿಕೊಳ್ಳಿ. ಹೊಸ ವಾದ್ಯಕ್ಕೆ ಜರ್ಮನ್ ಕಾನೂನಿನ ಪ್ರಕಾರ ಎರಡು ವರ್ಷ ಮಾರಿದವರದ್ದೇ ಹೊಣೆ. ಗಟ್ಟಿ ಪೆಟ್ಟಿಗೆ ಕೊಳ್ಳುವ ಮೊದಲು ಕಾರಿನ ಡಿಕ್ಕಿ ಅಳೆಯಿರಿ. ಸಣ್ಣ ಕಾರಿನಲ್ಲಿ ಅದು ಹಿಡಿಸುವುದಿಲ್ಲ, ಮೆತ್ತನೆ ಬ್ಯಾಗ್‌ನಲ್ಲಿ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಮಲಗಿಸಬಹುದು. ಸಮಯ ಉಳಿದರೆ ಊರಿನ ವಾದ್ಯಗಳ ಮ್ಯೂಸಿಯಂ ನೋಡಿ. ಆಳೆತ್ತರ ಮೀರಿದ ಒಂದು ಟ್ಯೂಬಾ ಅಲ್ಲಿದೆ.

ಬೆಂಗಳೂರಿನಿಂದ ಬರುವವರಿಗೆ ಇನ್ನೊಂದಿಷ್ಟು ಕೆಲಸ. ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನ ಇದೆ. ಟ್ಯೂಬಾ ಪೆಟ್ಟಿಗೆ ಮಾಮೂಲಿ ಲಗೇಜ್ ಅಳತೆ ಮೀರುತ್ತದೆ, ಆದ್ದರಿಂದ ಅಳತೆ, ತೂಕ ಕೊಟ್ಟು ವಿಮಾನ ಕಂಪನಿಯಲ್ಲಿ ಮೊದಲೇ ಬುಕ್ ಮಾಡಬೇಕು. ಬೆಲೆಯೊಳಗೆ ಶೇ. 19 ತೆರಿಗೆ ಸೇರಿರುತ್ತದೆ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರಿಗೆ ಅದು ವಾಪಸ್ ಸಿಗುತ್ತದೆ. ವರ್ಕ್‌ಶಾಪ್‌ನಿಂದ ಫಾರಂ ತುಂಬಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ವಾದ್ಯವನ್ನು ಲಗೇಜ್‌ಗೆ ಬಿಡುವ ಮೊದಲು ಕಸ್ಟಮ್ಸ್‌ನವರಿಗೆ ತೋರಿಸಿ ಮುದ್ರೆ ಹಾಕಿಸಿ. ಕೊಂಡ ತಿಂಗಳು ಮುಗಿದು ಮೂರು ತಿಂಗಳೊಳಗೆ ವಾದ್ಯ ಒಕ್ಕೂಟದ ಗಡಿ ದಾಟಿರಬೇಕು. ಬೆಂಗಳೂರಿನಲ್ಲಿ ಇಳಿದ ಮೇಲೆ ರೆಡ್ ಚಾನೆಲ್‌ಗೇ ಹೋಗಿ, ಬಿಲ್ ತೋರಿಸಿ ಸುಂಕ ಕಟ್ಟಿ. ಸುಂಕದ ದರ ಬದಲಾಗುತ್ತಿರುತ್ತದೆ. ಹೊರಡುವ ವಾರ ನೋಡಿಕೊಂಡು, ಆ ಹಣವನ್ನು ವಾದ್ಯದ ಬಜೆಟ್‌ನಲ್ಲೇ ತೆಗೆದಿಡಿ.