ಹೆರಿಗೆ ರಜೆಯ ಅರ್ಜಿ

ಹುಬ್ಬಳ್ಳಿಯ ತಾರಿಹಾಳದ ಕಾರ್ಖಾನೆಯೊಂದರಲ್ಲಿ ದುಡಿಯುವ ತಂಗಿಗೆ ಹೆರಿಗೆ ರಜೆಯ ಅರ್ಜಿಯನ್ನು ಇಂದು ಬರೆದುಕೊಟ್ಟೆ. 1961ರ ಕಾಯ್ದೆಯಲ್ಲಿ 12 ವಾರಗಳಷ್ಟೇ ಇದ್ದ ಸಂಬಳಸಹಿತ ರಜೆಯು 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿತು. ಆದರೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಕಾಯಂ ನೌಕರಿಯೇ ಆಗಬೇಕೆಂದಿಲ್ಲ ಎಂಬುದನ್ನು ಗುತ್ತಿಗೆಯ ಮೇಲೆ ದುಡಿಯುವ ಹೆಣ್ಣುಮಕ್ಕಳಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ಗಂಡಂದಿರ ಪಾಡು ಬೇರೆ. ಕೇಂದ್ರ ಸರಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿಯವರಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಗದಗದಲ್ಲಿ ಕೆಲಸಕ್ಕಿರುವ ಅವಳ ಯಜಮಾನರು ಜಾತ್ರೆಗೂ ಬಾರದೆ ಗಳಿಕೆ ರಜೆಯನ್ನು ಉಳಿಸಿಕೊಳ್ಳುತ್ತಿದ್ದಾರೆ. ಆ ರಜೆಗೂ ದಿನಾಂಕವನ್ನು ಮೊದಲೇ ಬರೆದುಕೊಡಬೇಕಂತೆ. ಕೂಸು ಹುಟ್ಟುವ ದಿನವನ್ನು ಯಾವ ತಂದೆ ಬರೆದಾನು?