ಫಿಲಂನಲ್ಲಿ ಕಾಣದ್ದು

ಇವತ್ತು ಅಕ್ಕನ ಎಂಆರ್‌ಐ ಇತ್ತು. ಎಂಎಸ್, ಅಂದ್ರೆ ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗೋ ಕಾಯಿಲೆ, ಅಂತ ಗೊತ್ತಾಗಿ ಆರು ವರ್ಷ. ಓಲೆ, ಮೂಗುಬೊಟ್ಟು, ಕರಿಮಣಿ ಎಲ್ಲಾ ಬಿಚ್ಚಿ ನನ್ನ ಕರ್ಚೀಫಲ್ಲಿ ಗಂಟು ಕಟ್ಟಿ ಕೊಟ್ಟು ಒಳಗೆ ಹೋದ್ಲು, ಮುಕ್ಕಾಲು ಗಂಟೆ ಆ ಗಂಟನ್ನ ಮುಷ್ಟೀಲಿ ಹಿಡ್ಕೊಂಡು ಕೂತಿದ್ದೆ, ಬಾಗಿಲು ಮುಚ್ಚಿದ್ರೂ ಆ ಟಕಟಕ ಸದ್ದು ಕೇಳ್ತಾನೇ ಇತ್ತು.

ಸಂಜೆ ರಿಪೋರ್ಟ್ ಬಂತು, ಮೆದುಳಲ್ಲಿ ಹೊಸ ಕಲೆ ಏನೂ ಇಲ್ಲ. ದೇವ್ರು ದೊಡ್ಡೋನು ಅಂದ್ಕೊಂಡೆ. ಆದ್ರೆ ಅಕ್ಕ, "ಮತ್ತೆ ಮಧ್ಯಾಹ್ನ ಆದ್ರೆ ಕೈಕಾಲು ಯಾಕೋ ಹಿಂಗೆ ಸೋತು ಹೋಗುತ್ತೆ?" ಅಂದ್ಲು.

ಈ ಬಗ್ಗೆ ಸುಮಾರು ದಿನದಿಂದ ಓದ್ತಿದೀನಿ. ಮಾಮೂಲಿ ಎಂಆರ್‌ಐ ಮುಖ್ಯವಾಗಿ ನೀರಿನ ಸಿಗ್ನಲ್ ಹಿಡಿದು ಚಿತ್ರ ಬಿಡಿಸುತ್ತೆ, ಅದೇ ಮಷಿನಲ್ಲಿ ಸ್ಪೆಕ್ಟ್ರೋಸ್ಕೋಪಿ ಮಾಡಿದ್ರೆ ಏರಿಳಿತದ ಒಂದು ಗೆರೆ ಬರುತ್ತೆ, ಒಂದೊಂದು ಏರು ಒಂದೊಂದು ಕೆಮಿಕಲ್‌ದು. ಅದರಲ್ಲಿ ಎದ್ದು ಕಾಣೋದು ಎನ್‌ಎಎ ಅನ್ನೋ ಕೆಮಿಕಲ್, ನರಕೋಶದ ಮೈಟೋಕಾಂಡ್ರಿಯಾದಲ್ಲಿ ತಯಾರಾಗೋದು. ಎಂಎಸ್ ಇರೋರಲ್ಲಿ ಕಲೆ ಇರೋ ಜಾಗದಲ್ಲಷ್ಟೇ ಅಲ್ಲ, ಫಿಲಂನಲ್ಲಿ ನಾರ್ಮಲ್ ಆಗಿ ಕಾಣೋ ಮೆದುಳಿನ ಬಿಳಿ ಭಾಗದಲ್ಲೂ (ವೈಟ್ ಮ್ಯಾಟರ್) ಇದು ಕಮ್ಮಿ ಇರೋದನ್ನ 1990ರ ದಶಕದಲ್ಲೇ ಸಂಶೋಧಕರು ತೋರಿಸಿದ್ರು. ನರದ ಹೊದಿಕೆ ಮಯಲಿನ್ ಒಡೀತಿರೋ ಹೊಸ ಕಲೇಲಿ ಕೋಲೀನ್ ಅನ್ನೋ ಇನ್ನೊಂದು ಕೆಮಿಕಲ್ ಏರುತ್ತೆ. ಮಯಲಿನ್ ಹೋದ ನರ ಅದೇ ಸಿಗ್ನಲ್ ದಾಟಿಸೋಕೆ ಹೆಚ್ಚು ಶಕ್ತಿ ಖರ್ಚು ಮಾಡ್ಬೇಕು, ಅಕ್ಕನ ಸುಸ್ತಿಗೆ ಅದೂ ಒಂದು ಕಾರಣ ಇರಬಹುದು. ಈ ಸ್ಪೆಕ್ಟ್ರೋಸ್ಕೋಪಿ ಇನ್ನೂ ಹೆಚ್ಚಾಗಿ ಸಂಶೋಧನೆಗೆ ಬಳಸೋದು, ದಿನನಿತ್ಯದ ಟೆಸ್ಟ್ ಅಲ್ಲ.

ಆಟೋದಲ್ಲಿ ಇದನ್ನೆಲ್ಲಾ ಹೇಳಿದೆ. ಅಕ್ಕ ಗಂಟು ಬಿಚ್ಚಿ ಓಲೆ ಹಾಕ್ಕೋತಾ, "ಹಂಗಾದ್ರೆ ಸ್ಕ್ಯಾನಲ್ಲಿ ಕಾಣ್ಲಿಲ್ಲ ಅಂದ ಮಾತ್ರಕ್ಕೆ ನಾನು ಸುಮ್ಸುಮ್ನೆ ಹೇಳ್ತಿದ್ದೆ ಅಂತಲ್ಲ ಅಲ್ವೇನೋ" ಅಂದ್ಲು.